ಕ್ಯಾಲ್ಸಿಯಂ 11.1: ಕುತ್ತಿಗೆಯ ಆಪರೇಷನ್ನಿನಿಂದ ಮನೆತನದ ರಕ್ತದವರೆಗೆ ಒಂದು ವರ್ಷ

2024ರ ಆಗಸ್ಟ್ ತಿಂಗಳಲ್ಲಿ ಮೊಣಕಾಲು ನೋವಿಗೂ ಸಂಜೆಯಾಗುತ್ತಲೇ ಕವಿಯುವ ಆಯಾಸಕ್ಕೂ ಕಾರಣ ಹುಡುಕಲೆಂದು ಮಾಡಿಸಿದ ರಕ್ತಪರೀಕ್ಷೆಯ ಹಾಳೆಯಲ್ಲಿ ಎರಡು ಅಂಕಿಗಳು ದಪ್ಪ ಅಕ್ಷರದಲ್ಲಿ ಮುದ್ರಿತವಾಗಿದ್ದವು. ವಿಟಮಿನ್ ಡಿ 14, ಅಂದರೆ ಕಡಿಮೆ ಇತ್ತು. ಅದು ಯಾರಿಗಾದರೂ ಇರುವಂಥದ್ದೇ ಎಂದು ವೈದ್ಯರು ಪಕ್ಕಕ್ಕೆ ಸರಿಸಿದರು. ಇನ್ನೊಂದು ಕ್ಯಾಲ್ಸಿಯಂ: ಡೆಸಿಲೀಟರಿಗೆ 11.1 ಮಿಲಿಗ್ರಾಂ. ಆ ಲ್ಯಾಬಿನ ಪ್ರಕಾರ ಇರಬೇಕಾದದ್ದು 8.5ರಿಂದ 10.5. ಅರ್ಧ ಅಂಕಿಯಷ್ಟು ಹೆಚ್ಚಿದ್ದರೆ ಏನಾದೀತು ಎಂದು ನಾನು ಅಂದುಕೊಂಡೆ. ಹಾಲು, ಮೊಸರು ಹೆಚ್ಚಾಗಿ ತಿನ್ನುವ ಮನೆಯವರಾದ ನಮಗೆ ಕ್ಯಾಲ್ಸಿಯಂ ಹೆಚ್ಚಿರುವುದು ಒಳ್ಳೆಯದೇ ಇರಬೇಕೆಂಬ ತಿಳಿವಳಿಕೆ ನನ್ನದಾಗಿತ್ತು.

ನಾನು ರಾಣೆಬೆನ್ನೂರಿನಲ್ಲಿ ಪಿಯು ಕಾಲೇಜಿನ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ವಯಸ್ಸು ಆಗ 47. ವೈದ್ಯಕೀಯದ ಗಂಧ ಇರಲಿಲ್ಲ. ಈ ಒಂದು ವರ್ಷದಲ್ಲಿ ಕಲಿತದ್ದನ್ನು ಕ್ರಮವಾಗಿ ಬರೆದಿಡುತ್ತಿರುವುದು, ಇದೇ ದಪ್ಪ ಅಕ್ಷರದ ಅಂಕಿಯನ್ನು ಕೈಯಲ್ಲಿ ಹಿಡಿದು ಕುಳಿತಿರುವ ಇನ್ನೊಬ್ಬರು ನನ್ನಷ್ಟು ಸುತ್ತದಿರಲಿ ಎಂಬ ಕಾರಣಕ್ಕೆ. ಇದು ನನ್ನ ಅನುಭವವೇ ಹೊರತು ಚಿಕಿತ್ಸೆಯ ಸಲಹೆಯಲ್ಲ.

ವೈದ್ಯರು ಮೊದಲು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿದರು. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದು ರಕ್ತ ತೆಗೆದರೆ ಕ್ಯಾಲ್ಸಿಯಂ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆಯಂತೆ. ಹಾಗಾಗಿ ಎರಡನೆಯ ಸಲ ಪಟ್ಟಿ ಬೇಗ ಸಡಿಲಿಸುವಂತೆ ಲ್ಯಾಬಿನವರಿಗೆ ಚೀಟಿಯಲ್ಲಿ ಬರೆದುಕೊಟ್ಟರು. ಜೊತೆಗೆ ಆಲ್ಬುಮಿನ್ ಕೂಡ ನೋಡಿಸಿದರು. ರಕ್ತದಲ್ಲಿರುವ ಕ್ಯಾಲ್ಸಿಯಂನ ಒಂದು ದೊಡ್ಡ ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುವುದರಿಂದ, ಆಲ್ಬುಮಿನ್ ಎಷ್ಟಿದೆಯೆಂದು ತಿಳಿಯದೆ ಬರೀ ಕ್ಯಾಲ್ಸಿಯಂ ಅಂಕಿಯನ್ನು ನಂಬುವಂತಿಲ್ಲ. ನನ್ನದು 4.2, ಸರಿಯಾಗಿಯೇ ಇತ್ತು. ಕ್ಯಾಲ್ಸಿಯಂ ಮಾತ್ರ 11.0.

ಆಮೇಲೆ ಅವರು ನಾನು ನುಂಗುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಲು ಹೇಳಿದರು. ಎರಡು ತಪ್ಪುಗಳು ಅಲ್ಲಿಯೇ ಸಿಕ್ಕವು. ಮೊಣಕಾಲಿಗೆಂದು ಮೆಡಿಕಲ್ ಶಾಪಿನಲ್ಲಿ ನಾನೇ ಕೇಳಿ ತಂದುಕೊಂಡಿದ್ದ ಕ್ಯಾಲ್ಸಿಯಂ ಮಾತ್ರೆ ಒಂದು. ಎರಡನೆಯದು ಮೂರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆ, ಅದರಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಎಂಬ ಔಷಧಿಯೂ ಬೆರೆತಿತ್ತು. ಅದು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ಅನ್ನು ಮೂತ್ರಪಿಂಡದಲ್ಲೇ ತಡೆದು ರಕ್ತಕ್ಕೆ ಹಿಂದಿರುಗಿಸುತ್ತದೆ. ನಿಮ್ಮ ಬಿ.ಪಿ. ಮಾತ್ರೆಯ ಹೆಸರಿನ ಕೊನೆಯಲ್ಲಿ 'ಎಚ್' ಎಂಬ ಅಕ್ಷರವಿದ್ದರೆ ವೈದ್ಯರಿಗೆ ಮರೆಯದೆ ತೋರಿಸಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ನನಗೆ ಬೇರೆ ಮಾತ್ರೆ ಬರೆದುಕೊಟ್ಟು, ಆರು ವಾರ ಬಿಟ್ಟು ಬರಲು ಹೇಳಿದರು. ಆರು ವಾರದ ನಂತರವೂ ಕ್ಯಾಲ್ಸಿಯಂ 10.9. ಪಿಟಿಎಚ್ ಎಂಬ ಹಾರ್ಮೋನು 72. ಅದು 65ರೊಳಗೆ ಇರಬೇಕಿತ್ತು.

ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಂತೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ಪಿಟಿಎಚ್ ಸುರಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತವೆ, ಏರಿದರೆ ಸುಮ್ಮನಾಗುತ್ತವೆ. ಕ್ಯಾಲ್ಸಿಯಂ ಏರಿರುವಾಗಲೂ ಪಿಟಿಎಚ್ ಇಳಿಯದಿದ್ದರೆ ಆ ನಾಲ್ಕರಲ್ಲಿ ಒಂದು ಗಂಟಾಗಿ ಬೆಳೆದಿರುವುದು ಸಾಮಾನ್ಯ ಕಾರಣ. ಅದನ್ನು ತೆಗೆದುಬಿಟ್ಟರೆ ಮುಗಿಯಿತು. ಹಾಗೆಂದು ನನ್ನನ್ನು ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಲ್ಲಿಗೆ ಕಳಿಸಿದರು.

ಅಲ್ಲಿ ಎಲ್ಲವೂ ಬೇಗ ಬೇಗ ನಡೆದವು. ಬೇಗ ನಡೆದದ್ದೇ ನನಗೆ ಸಮಾಧಾನ ತಂದಿತ್ತು. ಕುತ್ತಿಗೆಯ ಅಲ್ಟ್ರಾಸೌಂಡ್‌ನಲ್ಲಿ ಎಡಗಡೆ ಕೆಳಗೆ ಆರು ಮಿಲಿಮೀಟರಿನ ಏನೋ ಕಂಡಿದೆ, ಅದು ಗಂಟೇ ಇರಬಹುದು ಎಂದು ಬರೆದರು. ಗಂಟನ್ನು ಖಚಿತಪಡಿಸಲು ಸೆಸ್ಟಾಮಿಬಿ ಸ್ಕ್ಯಾನ್ ಮಾಡಿಸಬೇಕಾಯಿತು. ಅದಕ್ಕೆ 9,500 ರೂಪಾಯಿ, ಜೊತೆಗೆ ಇಡೀ ದಿನದ ಕಾಯುವಿಕೆ. ಕೈಗೆ ವಿಕಿರಣಶೀಲ ದ್ರವದ ಸೂಜಿ ಚುಚ್ಚಿ, ಒಂದು ಚಿತ್ರ ತೆಗೆದು, ಎರಡು ಗಂಟೆ ಹೊರಗೆ ಕೂಡಿಸಿ, ಮತ್ತೊಂದು ಚಿತ್ರ ತೆಗೆಯುತ್ತಾರೆ. ಸ್ಕ್ಯಾನಿನಲ್ಲಿ ಏನೂ ಹೊಳೆಯಲಿಲ್ಲ. ಏನೂ ಕಾಣಿಸಲಿಲ್ಲವಲ್ಲ ಎಂದು ನಾನು ಕೇಳಿದಾಗ, ಸಣ್ಣ ಗಂಟುಗಳು ಸ್ಕ್ಯಾನಿಗೆ ಸಿಗದೆಯೂ ಇರುತ್ತವೆ, ತೆರೆದು ನಾಲ್ಕೂ ಗ್ರಂಥಿಗಳನ್ನು ನೋಡೋಣ ಎಂಬ ಉತ್ತರ ಬಂತು. ಅದು ಸುಳ್ಳಲ್ಲ, ಹಾಗೂ ಆಗುತ್ತದೆ ಎಂದು ಈಗ ನನಗೆ ಗೊತ್ತು. ಅಂದಾಜು ಖರ್ಚು 1,30,000 ರೂಪಾಯಿ. ದೀಪಾವಳಿ ರಜೆ ಮುಗಿದ ವಾರಕ್ಕೆ ದಿನ ಗೊತ್ತಾಯಿತು. ಪ್ರಾಂಶುಪಾಲರಿಗೆ ರಜೆ ಅರ್ಜಿ ಬರೆದು ಕೊಟ್ಟೆ, ಮೆಡಿಕ್ಲೈಮ್ ಕಾಗದಗಳನ್ನು ಹೊಂದಿಸಿದೆ, ಹಬ್ಬದ ಹೋಳಿಗೆಯನ್ನು ಇನ್ನೇನು ಕುತ್ತಿಗೆ ಕೊಯ್ಯಿಸಿಕೊಳ್ಳುವವನ ಮನಸ್ಸಿನಲ್ಲಿಯೇ ತಿಂದೆ.

ಆಪರೇಷನ್ನಿಗೆ ದೇಹ ತಕ್ಕುದೇ ಎಂದು ಬರೆದುಕೊಡಬೇಕಿದ್ದ ಯುವ ವೈದ್ಯೆ ನನ್ನ ಕಡತವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎರಡು ಸಲ ತಿರುವಿ, "ಇಪ್ಪತ್ನಾಲ್ಕು ತಾಸಿನ ಮೂತ್ರದ ರಿಪೋರ್ಟ್ ಎಲ್ಲಿದೆ ಸರ್?" ಎಂದು ಕೇಳಿದರು. ಯಾರೂ ಬರೆದಿಲ್ಲ ಎಂದೆ. "ನಿಮ್ಮ ತಾಯಿ, ಅಕ್ಕ, ತಮ್ಮ, ಇವರ್ಯಾರದಾದರೂ ಕ್ಯಾಲ್ಸಿಯಂ ನೋಡಿಸಿದ್ದೀರಾ?" ಎಂಬುದು ಎರಡನೆಯ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನನಗೂ ಕೇಳಲು ಗೊತ್ತಿರಲಿಲ್ಲ. ಅವರು ಯಾರ ಮೇಲೂ ದೂರು ಹೇಳದೆ, ಒಬ್ಬ ಹಾರ್ಮೋನ್ ತಜ್ಞರನ್ನು ಕಂಡು ಬನ್ನಿ, ಈ ಆಪರೇಷನ್ನಿಗೆ ಅವಸರವೇನಿಲ್ಲ ಎಂದು ಬರೆದುಕೊಟ್ಟರು. ಗೊತ್ತಾದ ದಿನ ರದ್ದಾಯಿತು. ಮನೆಗೆ ಬರುವ ಬಸ್ಸಿನಲ್ಲಿ ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಂದು ಹೆಸರು, ಒಂದು ದಿನಾಂಕ, ಒಂದು ಖರ್ಚು ಎಂದು ಎಲ್ಲ ಲೆಕ್ಕ ಹೊಂದಿಸಿಕೊಂಡವನಿಗೆ ಮತ್ತೆ ಅನುಮಾನದ ಅಂಗಳಕ್ಕೆ ಇಳಿಯುವುದು ಕಷ್ಟ.

ಹಾರ್ಮೋನ್ ತಜ್ಞರ ಭೇಟಿಗೆ ಮೂರು ವಾರ ಕಾದೆ. ಅವರು ಮೊದಲು ಮೂತ್ರಕ್ಕೂ ಹೋಗಲಿಲ್ಲ; ವಿಟಮಿನ್ ಡಿ ಕೊರತೆಯನ್ನು ಸರಿಪಡಿಸಬೇಕೆಂದರು. ಡಿ ಕಡಿಮೆಯಿದ್ದಾಗ ಪಿಟಿಎಚ್ ತಾನಾಗಿ ಏರುತ್ತದೆ, ಮೂತ್ರದ ಕ್ಯಾಲ್ಸಿಯಂ ತಾನಾಗಿ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಅಳೆದರೆ ಗಂಟಿನ ಕಾಯಿಲೆಯೂ, ಕ್ಯಾಲ್ಸಿಯಂ ಏರಿಸುವ ಇನ್ನೊಂದು ಕಾರಣವಾದ ವಂಶದ ಕಾಯಿಲೆಯಂತೆ ಕಾಣಬಹುದು. ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್ಟಿನ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿದೆ. ನಡುವೆ ಎರಡು ಸಲ ಕ್ಯಾಲ್ಸಿಯಂ ಏರುತ್ತಿಲ್ಲವೆಂದು ರಕ್ತ ಕೊಟ್ಟು ಖಚಿತಪಡಿಸಿಕೊಂಡೆ. ಕ್ಯಾಲ್ಸಿಯಂ ಮೊದಲೇ ಹೆಚ್ಚಿರುವವರು ವೈದ್ಯರ ಕಣ್ಣಳತೆಯಲ್ಲಿ ಇಲ್ಲದೆ ಇದನ್ನು ಮಾಡಬಾರದು. ಎಂಟು ವಾರಕ್ಕೆ ಡಿ 34ಕ್ಕೆ ಬಂತು, ಪಿಟಿಎಚ್ 58ಕ್ಕೆ ಇಳಿಯಿತು, ಕ್ಯಾಲ್ಸಿಯಂ ಮಾತ್ರ 11.0ರಲ್ಲಿಯೇ ಕುಳಿತಿತ್ತು. ಮೊಣಕಾಲು ನೋವು ಮುಕ್ಕಾಲು ಭಾಗ ಹೋಯಿತು. ಯಾವ ನೋವಿಗಾಗಿ ಇಷ್ಟೆಲ್ಲ ಶುರುವಾಯಿತೋ ಆ ನೋವಿಗೂ 11.1ಕ್ಕೂ ಸಂಬಂಧವೇ ಇರಲಿಲ್ಲ.

ಇನ್ನು ಮೂತ್ರದ ಅಧ್ಯಾಯ. ಲ್ಯಾಬಿನವರು ಐದು ಲೀಟರಿನ ಕ್ಯಾನೊಂದನ್ನು ಕೊಟ್ಟರು. ಅದರ ತಳದಲ್ಲಿ ಸ್ವಲ್ಪ ಆ್ಯಸಿಡ್ ಇತ್ತು, ಮುಟ್ಟಬೇಡಿ, ಚೆಲ್ಲಬೇಡಿ ಎಂದರು. ಬೆಳಿಗ್ಗೆ ಎದ್ದೊಡನೆ ಮಾಡುವ ಮೊದಲ ಮೂತ್ರವನ್ನು ಬಿಟ್ಟುಬಿಡಬೇಕು, ಆ ಸಮಯವನ್ನು ಬರೆದಿಟ್ಟುಕೊಳ್ಳಬೇಕು, ಅಲ್ಲಿಂದ ಮರುದಿನ ಅದೇ ಸಮಯದ ಮೊದಲ ಮೂತ್ರದವರೆಗೆ ಒಂದು ಹನಿಯನ್ನೂ ಬಿಡದೆ ಕ್ಯಾನಿಗೆ ಸೇರಿಸಬೇಕು. ಮೊದಲ ಸಲ ನಾನು ಕೆಲಸದ ದಿನವೇ ಶುರುಮಾಡಿದೆ. ಬೇರೊಂದು ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಕಾಲೇಜಿಗೆ ಹೋದವನು ಮೂರನೆಯ ಪಿರಿಯಡ್ ಮುಗಿದಾಗ ಅಭ್ಯಾಸಬಲದಿಂದ ಸ್ಟಾಫ್ ರೂಮಿನ ಪಕ್ಕದ ಶೌಚಾಲಯಕ್ಕೆ ಹೋಗಿ ಬಂದುಬಿಟ್ಟೆ. ಎಲ್ಲವೂ ವ್ಯರ್ಥ, 600 ರೂಪಾಯಿಯೂ ಹೋಯಿತು, ಏಕೆಂದರೆ ಹಣ ಮೊದಲೇ ಕಟ್ಟಿಸಿಕೊಂಡಿದ್ದರು. ಎರಡನೆಯ ಸಲ ಭಾನುವಾರ ಮನೆಯಿಂದ ಹೊರಬೀಳದೆ ಸಂಗ್ರಹಿಸಿ, ಸೋಮವಾರ ಬೆಳಿಗ್ಗೆ ಕ್ಯಾನನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡು ಹೋದೆ. ಪಕ್ಕದಲ್ಲಿದ್ದ ಹಿರಿಯರು ಎಣ್ಣೆಯೇ ಎಂದು ಕೇಳಿದರು, ಹೌದೆಂದೆ. ಅದೇ ಬೆಳಿಗ್ಗೆ ರಕ್ತವನ್ನೂ ಕೊಡಬೇಕು, ಇಲ್ಲದಿದ್ದರೆ ಲೆಕ್ಕ ಹೊಂದುವುದಿಲ್ಲ.

ವರದಿಯಲ್ಲಿ ಇದ್ದದ್ದು ಇಷ್ಟು: ದಿನದ ಮೂತ್ರದಲ್ಲಿ ಕ್ಯಾಲ್ಸಿಯಂ 62 ಮಿಲಿಗ್ರಾಂ, ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ 1,300 ಮಿಲಿಗ್ರಾಂ, ರಕ್ತದಲ್ಲಿ ಕ್ಯಾಲ್ಸಿಯಂ 11.0, ಕ್ರಿಯಾಟಿನಿನ್ 0.9. ಮುಖ್ಯವಾದ ಅಂಕಿಯನ್ನು ಲ್ಯಾಬ್ ಮುದ್ರಿಸಿರುವುದಿಲ್ಲ, ಅದನ್ನು ಲೆಕ್ಕಹಾಕಿ ತೆಗೆಯಬೇಕು. ಮೂತ್ರದ ಕ್ಯಾಲ್ಸಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ಬಂದದ್ದನ್ನು ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ತಜ್ಞರು ಚೀಟಿಯ ಹಿಂದೆ ಬರೆಯುವ ಮೊದಲೇ ವಾಣಿಜ್ಯದ ಮೇಷ್ಟ್ರಾದ ನಾನು ಮೊಬೈಲಿನಲ್ಲಿ ಮಾಡಿಬಿಟ್ಟೆ: 55.8ನ್ನು 14,300ರಿಂದ ಭಾಗಿಸಿದರೆ 0.0039. ಇದು 0.02ಕ್ಕಿಂತ ಹೆಚ್ಚಿದ್ದರೆ ಗಂಟಿನ ಕಡೆಗೆ ವಾಲುತ್ತದೆ, 0.01ಕ್ಕಿಂತ ಕಡಿಮೆಯಿದ್ದರೆ ವಂಶದ ಕಡೆಗೆ, ನಡುವೆ ಇದ್ದರೆ ಯಾವುದೂ ಹೇಳಲಾಗದು. ನನ್ನದು ಸಂದೇಹಕ್ಕೆ ಹೆಚ್ಚು ಎಡೆಯಿಲ್ಲದಷ್ಟು ಕೆಳಗಿತ್ತು.

ಅಂದು ಮೊದಲ ಬಾರಿಗೆ ಆ ಉದ್ದನೆಯ ಹೆಸರನ್ನು ಕೇಳಿದೆ: ಫೆಮಿಲಿಯಲ್ ಹೈಪೋಕ್ಯಾಲ್ಸಿಯೂರಿಕ್ ಹೈಪರ್‌ಕ್ಯಾಲ್ಸೀಮಿಯಾ, ಬಾಯಿಮಾತಿನಲ್ಲಿ ಎಫ್‌ಎಚ್‌ಎಚ್. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚು, ಮೂತ್ರದಲ್ಲಿ ಕಡಿಮೆ, ಮನೆತನದಲ್ಲಿ ಹರಿದುಬರುವಂಥದ್ದು. 1972ರಲ್ಲಿ ವೈದ್ಯರು ಇದನ್ನು ಒಂದು ಕುಟುಂಬದಲ್ಲಿ ಗುರುತಿಸಿ ಬರೆದರು. ಕಾರಣವಾದ ಜೀನ್ 1993ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ, ಗೊತ್ತಾಯಿತು. ಆ ಜೀನಿನ ಹೆಸರು ಸಿಎಎಸ್‌ಆರ್, ಮೂರನೆಯ ಕ್ರೋಮೋಸೋಮಿನಲ್ಲಿದೆ. ಪ್ಯಾರಾಥೈರಾಯ್ಡ್ ಮತ್ತು ಮೂತ್ರಪಿಂಡಗಳ ಜೀವಕೋಶಗಳ ಮೇಲೆ ಕುಳಿತು ರಕ್ತದ ಕ್ಯಾಲ್ಸಿಯಂ ಎಷ್ಟಿದೆಯೆಂದು ಅಳೆಯುವ ಪ್ರೋಟೀನನ್ನು ಅದು ತಯಾರಿಸುತ್ತದೆ. ತಜ್ಞರು ವಿವರಿಸಿದ್ದನ್ನು ನಾನು ನಮ್ಮ ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಹೋಲಿಸಿಕೊಂಡೆ. ಟ್ಯಾಂಕಿನೊಳಗಿನ ತೇಲುಗುಂಡನ್ನು ನಾಲ್ಕು ಬೆರಳು ಮೇಲಕ್ಕೆ ಕಟ್ಟಿದ್ದರೆ ನೀರು ನಾಲ್ಕು ಬೆರಳು ಹೆಚ್ಚೇ ತುಂಬಿ ನಿಲ್ಲುತ್ತದೆ. ತುಂಬಿ ಚೆಲ್ಲುವುದಿಲ್ಲ, ಏಕೆಂದರೆ ಗುಂಡು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿದೆ. ನನ್ನ ನಾಲ್ಕೂ ಗ್ರಂಥಿಗಳಲ್ಲಿ ಗುಂಡನ್ನು ಹಾಗೆ ಕಟ್ಟಲಾಗಿದೆ. ಒಂದನ್ನು ಕೊಯ್ದು ತೆಗೆದರೆ ಉಳಿದ ಮೂರು ಅದೇ ಮಟ್ಟಕ್ಕೆ ತುಂಬಿಸುತ್ತವೆ; ಅಂದರೆ ಆಪರೇಷನ್ ಆಗಿದ್ದರೂ ಕೆಲವು ತಿಂಗಳಲ್ಲಿ ಕ್ಯಾಲ್ಸಿಯಂ ಮತ್ತೆ 11. ಬಹುಪಾಲು ಜನರಿಗೆ ಇದರಿಂದ ಜೀವನವಿಡೀ ಯಾವ ತೊಂದರೆಯೂ ಇರುವುದಿಲ್ಲ, ಔಷಧಿಯೂ ಬೇಕಿಲ್ಲ.

ಇಲ್ಲಿಗೆ ಮುಗಿಯಿತೆಂದು ಕುರ್ಚಿಯಿಂದ ಏಳುತ್ತಿದ್ದವನನ್ನು ತಜ್ಞರು ಒಂದು ಪ್ರಶ್ನೆಯಿಂದ ಮತ್ತೆ ಕೂರಿಸಿದರು: "ನಿಮ್ಮಲ್ಲಿ ಸಂಬಂಧದೊಳಗೆ ಮದುವೆಗಳಾಗುತ್ತವೆಯೇ?"

ಆಗುತ್ತವೆ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಅದಲ್ಲದೆ 22 ವರ್ಷದ ನನ್ನ ಮಗಳಿಗೂ ದುಬೈಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗನಿಗೂ ಮದುವೆಯ ಮಾತು ಆಗಲೇ ಮುಗಿದಿತ್ತು; ಇಬ್ಬರೂ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಮೆಚ್ಚಿದವರು. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದ್ದರೆ ನನ್ನಂತೆ ಇರುತ್ತಾರೆ. ತಂದೆ, ತಾಯಿ ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ, ಮೂಳೆಗಳು ಸವೆದು ಮುರಿದು, ಜೀವಕ್ಕೇ ಕುತ್ತು ಬರಬಹುದು. ಅಂಥ ಮಗುವಿಗೆ ಎಳವೆಯಲ್ಲಿಯೇ ನಾಲ್ಕೂ ಗ್ರಂಥಿಗಳನ್ನು ತೆಗೆಯಬೇಕಾಗಿ ಬರುವುದುಂಟು. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೊಂದು ಬದಲಾದ ಪ್ರತಿಯಿದ್ದರೆ ಪ್ರತಿ ಬಸಿರಿನಲ್ಲಿಯೂ ಹಾಗಾಗುವ ಸಂಭವ ನಾಲ್ಕರಲ್ಲಿ ಒಂದು. ನನ್ನ ಪಾಲಿಗೆ ನಿರುಪದ್ರವಿಯಾದದ್ದು ನನ್ನ ಮೊಮ್ಮಗುವಿನ ಪಾಲಿಗೆ ಹಾಗಿರದೇ ಹೋಗಬಹುದೆಂದು ತಿಳಿದಾಗ ಕೈಕಾಲು ತಣ್ಣಗಾದವು.

ಮನೆಯವರ ಕ್ಯಾಲ್ಸಿಯಂ ನೋಡಿಸುವುದು ಅಗ್ಗದ ಕೆಲಸ. ತಲೆಗೆ ಇನ್ನೂರು ರೂಪಾಯಿ. ಒಪ್ಪಿಸುವುದೇ ದುಬಾರಿ. "ಹುಡುಗೂರ ಮದುವಿ ಮಾತಾಗೈತಿ, ಈಗ್ಯಾಕ ಇದನ್ನೆಲ್ಲಾ ಕೆದಕತೀ?" ಎಂದು ಅಕ್ಕ ಎರಡು ವಾರ ಫೋನನ್ನೇ ಎತ್ತಲಿಲ್ಲ. ಅವಳ ಚಿಂತೆ ಸುಳ್ಳಾಗಿರಲಿಲ್ಲ. ಅವಳಿಗೆ ಮದುವೆಯಾಗಬೇಕಾದ ಇನ್ನೊಬ್ಬ ಮಗಳಿದ್ದಾಳೆ, ರಕ್ತದಲ್ಲಿ ದೋಷವಿರುವ ಮನೆತನ ಎಂಬ ಮಾತು ಊರಿನಲ್ಲಿ ಹಬ್ಬಲು ಹೊತ್ತು ಬೇಕಿಲ್ಲ. ತಮ್ಮ, ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗುವುದು ನನ್ನ ಚಾಳಿ ಎಂದ. ಕೊನೆಗೆ ಎಲ್ಲರಿಗಿಂತ ಮೊದಲು ತೋಳು ಚಾಚಿದವಳು ಅವ್ವ. ಅವಳದು 10.9. ಆಮೇಲೆ ಅಕ್ಕನೂ ಬಂದಳು, 11.2. ತಮ್ಮನದು 9.4. ಮಗಳದು 10.4, ಒಂದು ಲ್ಯಾಬಿನ ಪ್ರಕಾರ ಸರಿ, ಇನ್ನೊಂದರ ಪ್ರಕಾರ ಹೆಚ್ಚು, ಏಕೆಂದರೆ ಆ ಲ್ಯಾಬಿನ ಮೇಲ್ಮಿತಿ 10.2. ದುಬೈಯಿಂದ ಅಕ್ಕನ ಮಗ ಕಳಿಸಿದ ವರದಿಯಲ್ಲಿ 2.38 ಎಂದಿದ್ದುದನ್ನು ನೋಡಿ ಅಕ್ಕ ಹುಡುಗನಿಗೆ ಕ್ಯಾಲ್ಸಿಯಂ ಏನೂ ಉಳಿದಿಲ್ಲವೆಂದು ಅತ್ತೇಬಿಟ್ಟಳು. ಅಲ್ಲಿ ಅಳೆಯುವುದು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ. ನಾಲ್ಕರಿಂದ ಗುಣಿಸಿದರೆ ನಮ್ಮ ಲೆಕ್ಕಕ್ಕೆ ಸುಮಾರು 9.5. ಹೊರದೇಶದಲ್ಲಿ ಮಕ್ಕಳಿರುವವರು ಈ ನಾಲ್ಕನ್ನು ನೆನಪಿಟ್ಟುಕೊಳ್ಳಬೇಕು.

2025ರ ಫೆಬ್ರುವರಿಯಲ್ಲಿ ರಾತ್ರಿ ಬಸ್ಸಿನಲ್ಲಿ ಅವ್ವನನ್ನೂ ಕರೆದುಕೊಂಡು ಬೆಂಗಳೂರಿಗೆ ಹೋಗಿ ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಂಡೆವು. ಹಣ ಕಟ್ಟಿ ರಕ್ತ ಕೊಟ್ಟು ಬರುವುದಷ್ಟೇ ಎಂದುಕೊಂಡಿದ್ದೆ. ಅವರು ಮುಕ್ಕಾಲು ಗಂಟೆ ಕೂರಿಸಿಕೊಂಡು ಮೂರು ತಲೆಮಾರಿನ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು, ಸಂಬಂಧದೊಳಗಿನ ಮದುವೆಗೆ ಜೋಡಿಗೆರೆ. ತೀರಿಹೋದ ಮಕ್ಕಳಿದ್ದಾರೆಯೇ ಎಂದು ಕೇಳಿದಾಗ ನಾನು ಇಲ್ಲವೆಂದೆ. ಅವ್ವ ಸೆರಗು ಸರಿಪಡಿಸಿಕೊಂಡು, "ನಿನ್ಕಿಂತ ಮೊದಲ ಒಂದು ಗಂಡು ಕೂಸು ಹುಟ್ಟಿತ್ತು. ಹಾಲು ಕುಡೀಲಾರದ ಮೆತ್ತಗ ಬಿದ್ದಿರತಿತ್ತು. ಎತ್ತಿಕೊಂಡ್ರ ಚೀರತಿತ್ತು. ಇಪ್ಪತ್ತೆರಡು ದಿನಕ್ಕ ಹೋತು" ಎಂದಳು. 47 ವರ್ಷದಲ್ಲಿ ನಾನು ಆ ಮಾತನ್ನು ಕೇಳಿರಲಿಲ್ಲ. ಆ ಕೂಸಿಗೆ ಇದೇ ಆಗಿತ್ತೆಂದು ಹೇಳಲು ಈಗ ಯಾವ ಆಧಾರವೂ ಇಲ್ಲವೆಂದು ಕೌನ್ಸೆಲರ್ ಸ್ಪಷ್ಟವಾಗಿಯೇ ಹೇಳಿದರು. ಆದರೂ ಅವ್ವ, ತಾನೇ ಏನೋ ತಪ್ಪು ಮಾಡಿದ್ದೆನೆಂದು ಅತ್ತೆ ಅಂದಿದ್ದರೆಂಬುದನ್ನು ಅಂದು ರಾತ್ರಿ ಮರಳುವ ಬಸ್ಸಿನಲ್ಲಿ ನನಗೆ ಹೇಳಿದಳು. ಆ ಅತ್ತೆಯೇ ಅವಳ ಅಜ್ಜಿ ಕೂಡ, ಅವ್ವನ ತಾಯಿಯನ್ನೂ ನಮ್ಮ ಅಪ್ಪನನ್ನೂ ಹೆತ್ತವಳು. ವಂಶವೃಕ್ಷದಲ್ಲಿ ಎರಡೂ ಗೆರೆಗಳು ಮೇಲೆ ಹೋಗಿ ಕೂಡುವುದು ಅವಳಲ್ಲಿಯೇ.

ಪರೀಕ್ಷೆಗೆ 19,000 ರೂಪಾಯಿ. ನೇರಳೆ ಮುಚ್ಚಳದ ಒಂದು ನಳಿಗೆಯಷ್ಟು ರಕ್ತ ಸಾಕು, ಉಪವಾಸ ಬೇಕಿಲ್ಲ. ಸಿಎಎಸ್‌ಆರ್ ಜೊತೆಗೆ ಜಿಎನ್‌ಎ11, ಎಪಿ2ಎಸ್1 ಎಂಬ ಇನ್ನೆರಡು ಜೀನ್‌ಗಳನ್ನೂ ಓದುತ್ತಾರೆ. ಅವುಗಳಲ್ಲಿನ ಬದಲಾವಣೆಯಿಂದಲೂ ಎಫ್‌ಎಚ್‌ಎಚ್ ಬರುತ್ತದೆಂದು 2013ರಲ್ಲಿ ತಿಳಿದುಬಂತು. ಮೂರರಲ್ಲಿಯೂ ಏನೂ ಸಿಗದ ಕುಟುಂಬಗಳೂ ಇವೆ, ಆದ್ದರಿಂದ ಏನೂ ಸಿಗಲಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥವಲ್ಲ ಎಂಬ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದೆ. ನಾಲ್ಕು ವಾರ ಎಂದಿದ್ದರು, ಏಳು ವಾರವಾಯಿತು. ಆ ಏಳು ವಾರಗಳಲ್ಲಿ ನಾನು ಮೊಬೈಲನ್ನು ಎಷ್ಟು ಸಲ ತೆರೆದೆನೆಂದು ಲೆಕ್ಕವಿಟ್ಟಿಲ್ಲ.

ಒಂಬತ್ತು ಪುಟದ ವರದಿ ಬಂದಾಗ ಅದರಲ್ಲಿ ಎರಡು ಬದಲಾವಣೆಗಳಿದ್ದವು. ಒಂದು 986ನೆಯ ಸ್ಥಾನದ್ದು, ಬಹಳ ಜನರಲ್ಲಿರುವಂಥದ್ದು, ನಿರಪಾಯಕಾರಿ ಎಂದು ಕೊನೆಯ ಪುಟದಲ್ಲಿತ್ತು. ಅದನ್ನೇ ಮೊದಲು ಓದಿ ನಾನು ಗಾಬರಿಯಾದೆ. ನೀವು ಹಾಗೆ ಮಾಡಬೇಡಿ. ಇನ್ನೊಂದು ಮೊದಲ ಪುಟದಲ್ಲಿತ್ತು: 1,078 ಅಮೈನೋ ಆಮ್ಲಗಳ ಆ ಪ್ರೋಟೀನಿನಲ್ಲಿ ಒಂದರ ಜಾಗದಲ್ಲಿ ಇನ್ನೊಂದು. ಯಾವುದೆಂದು ಬರೆಯುವುದಿಲ್ಲ, ಅದು ನನ್ನೊಬ್ಬನದಲ್ಲ, ಮನೆತನದ್ದು. ಅದರ ಮುಂದೆ ಇದ್ದ ತೀರ್ಪು "ಅರ್ಥ ನಿಶ್ಚಿತವಿಲ್ಲದ ವೇರಿಯಂಟ್". ಜೀನ್ ಬದಲಾವಣೆಗಳನ್ನು ರೋಗಕಾರಕ, ಬಹುಶಃ ರೋಗಕಾರಕ, ಅನಿಶ್ಚಿತ, ಬಹುಶಃ ನಿರಪಾಯ, ನಿರಪಾಯ ಎಂದು ಐದು ಮೆಟ್ಟಿಲುಗಳಲ್ಲಿ ಇಡುತ್ತಾರೆ. ನಾನು ಸರಿಯಾಗಿ ನಡುವಿನ ಮೆಟ್ಟಿಲಿನಲ್ಲಿ ನಿಂತಿದ್ದೆ. ಹೌದು ಎಂಬ ಉತ್ತರಕ್ಕೂ ಇಲ್ಲ ಎಂಬ ಉತ್ತರಕ್ಕೂ ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದೆ, ಗೊತ್ತಿಲ್ಲ ಎಂಬುದಕ್ಕೆ ಮಾತ್ರ ಸಿದ್ಧನಾಗಿರಲಿಲ್ಲ.

ಕೌನ್ಸೆಲರ್ ಫೋನಿನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ನನ್ನ ಬದಲಾವಣೆ ಜಗತ್ತಿನ ಸಾಮಾನ್ಯ ಜನರ ಜೀನ್ ಭಂಡಾರಗಳಲ್ಲಿ ಕಂಡಿಲ್ಲ. ಅದು ರೋಗಕಾರಕ ಎಂಬುದರ ಪರವಾದ ಒಂದು ಸುಳಿವು. ಆದರೆ ಆ ಭಂಡಾರಗಳಲ್ಲಿ ಯುರೋಪಿನ ಮೂಲದವರೇ ಹೆಚ್ಚು, ನಮ್ಮವರು ಕಡಿಮೆ. ನಮ್ಮ ಕಡೆಯ ಎಷ್ಟೋ ಸಮುದಾಯಗಳಲ್ಲಿ ಸಾಮಾನ್ಯವಾಗಿರುವುದು ಅಲ್ಲಿ ಅಪರೂಪವಾಗಿ ಕಾಣಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದುವ ಜೀನೋಮ್ ಇಂಡಿಯಾ ಯೋಜನೆ ನಡೆದು, ಅದರ ದತ್ತಾಂಶ 2025ರ ಜನವರಿಯಲ್ಲಷ್ಟೇ ಸಂಶೋಧಕರಿಗೆ ತೆರೆದಿದೆ ಎಂಬುದನ್ನು ನಾನು ಅವರಿಂದಲೇ ಕೇಳಿದೆ. ನನ್ನ ಮಟ್ಟಿಗೆ ಉತ್ತರ ಅದಕ್ಕಿಂತ ಹತ್ತಿರದಲ್ಲಿತ್ತು. ಕ್ಯಾಲ್ಸಿಯಂ ಹೆಚ್ಚಿರುವ ನೆಂಟರಲ್ಲಿ ಈ ಬದಲಾವಣೆ ಇದ್ದು, ಹೆಚ್ಚಿಲ್ಲದವರಲ್ಲಿ ಇಲ್ಲದಿದ್ದರೆ ಅದು ಸಾಕ್ಷಿಯಾಗುತ್ತದೆ. ಇಡೀ ಜೀನ್ ಓದಬೇಕಿಲ್ಲ, ಆ ಒಂದು ಸ್ಥಾನವನ್ನು ಓದಿದರೆ ಸಾಕು. ತಲೆಗೆ 3,500 ರೂಪಾಯಿ.

ಸಾಕ್ಷಿಗೆ ಆರೋಗ್ಯವಂತರೂ ಬೇಕೆಂದಾಗ ತಮ್ಮ ಕೊನೆಗೂ ಒಪ್ಪಿದ, ತನ್ನ 9.4ರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅವ್ವ, ಅಕ್ಕ ಇಬ್ಬರಲ್ಲಿಯೂ ಬದಲಾವಣೆ ಇತ್ತು, ತಮ್ಮನಲ್ಲಿ ಇರಲಿಲ್ಲ. ಅದೇ ಸ್ಥಾನದಲ್ಲಿ ಬೇರೊಂದು ಬದಲಾವಣೆ ಇದ್ದ ರೋಗಿಗಳು ಹೊರದೇಶದಲ್ಲಿ ಮೊದಲೇ ದಾಖಲಾಗಿದ್ದುದೂ ಲೆಕ್ಕಕ್ಕೆ ಬಂತು. ಜೂನ್ ಕೊನೆಯಲ್ಲಿ ಪರಿಷ್ಕೃತ ವರದಿ ಬಂದಾಗ ನಾನು ಒಂದು ಮೆಟ್ಟಿಲು ಏರಿದ್ದೆ: "ಬಹುಶಃ ರೋಗಕಾರಕ". ಪರಿಷ್ಕೃತ ವರದಿ ತಾನಾಗಿ ಬರುವುದಿಲ್ಲ ಎಂಬುದು ಗಮನದಲ್ಲಿರಲಿ. ಮನೆಯವರ ಫಲಿತಾಂಶ, ಅವರವರ ಕ್ಯಾಲ್ಸಿಯಂ ವರದಿ ಎಲ್ಲವನ್ನೂ ಸೇರಿಸಿ, ಮರುಪರಿಶೀಲಿಸಿ ಎಂದು ಬರೆದು ಕೇಳಬೇಕು. ನಾನು ಮೂರು ಸಲ ನೆನಪಿಸಿದೆ.

ಉಳಿದದ್ದು ಮಕ್ಕಳಿಬ್ಬರದು. ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಫಲಿತಾಂಶವನ್ನು ನನ್ನ ಇಮೇಲಿಗೆ ಕಳಿಸಿ ಎಂದಾಗ, ಅವರು ವಯಸ್ಕರು, ವರದಿ ಅವರಿಗೇ ಹೋಗುತ್ತದೆ, ನಿಮಗೆ ಹೇಳುವುದು ಬಿಡುವುದು ಅವರಿಗೆ ಸೇರಿದ್ದು ಎಂದು ಕೌನ್ಸೆಲರ್ ನಯವಾಗಿ ನಿರಾಕರಿಸಿದರು. ಹಣ ಕಟ್ಟಿದವನು ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳು, "ಅಪ್ಪಾಜಿ, ರಕ್ತ ನಂದು, ನಾನ ಓದಿ ನಿಮಗ ಹೇಳತೀನಿ" ಎಂದಳು. ಜುಲೈಯಲ್ಲಿ ರಜೆಗೆ ಬಂದ ಅಕ್ಕನ ಮಗನೂ ರಕ್ತ ಕೊಟ್ಟ. 9.5 ಇದ್ದವನಿಗೆ ಅಗತ್ಯವಿತ್ತೇ ಎಂದರೆ, ಇಂಥ ವಿಷಯದಲ್ಲಿ ಅಂದಾಜಿಗಿಂತ ಖಚಿತವೇ ವಾಸಿ ಎಂದು ಅವನೇ ಹೇಳಿದ. ಹದಿನೆಂಟು ದಿನಗಳ ನಂತರ ಮಗಳು ಫೋನ್ ಮಾಡಿ, ತನ್ನಲ್ಲಿ ಇದೆ, ಅವನಲ್ಲಿ ಇಲ್ಲ ಎಂದಳು. ಪರೀಕ್ಷೆಯ ಅಂಕ ಹೇಳುವ ದನಿಯಲ್ಲಿ. ಲ್ಯಾಬ್ ಸರಿಯೆಂದಿದ್ದ 10.4 ಅವಳ ಮಟ್ಟಿಗೆ ಸರಿಯಾಗಿರಲಿಲ್ಲ. ನಾನು ಕೊಟ್ಟದ್ದು ಅವಳಿಗೆ ಹೋಗಿದೆ ಎಂಬ ಸಂಕಟವೂ, ಅವನಲ್ಲಿ ಇಲ್ಲ ಎಂಬ ಬಿಡುಗಡೆಯೂ ಒಟ್ಟಿಗೇ ಬಂದು, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕನ್ನಡಕ ತೆಗೆದು ಒರೆಸಿಕೊಂಡೆ. ಅವರ ಮಕ್ಕಳಿಗೆ ಎರಡೂ ಬದಲಾದ ಪ್ರತಿಗಳು ಬರಲು ಸಾಧ್ಯವಿಲ್ಲ. ನನ್ನಂತಾಗುವ ಸಂಭವ ಅರ್ಧಕ್ಕರ್ಧ. ಮದುವೆ ಮಾಘದಲ್ಲಿ.

ಒಟ್ಟು ಖರ್ಚು ಪ್ರಯಾಣವೂ ಸೇರಿ ಎಪ್ಪತ್ತು ಸಾವಿರದ ಹತ್ತಿರ. ಆಸ್ಪತ್ರೆಗೆ ದಾಖಲಾಗದ ಕಾರಣ ಮೆಡಿಕ್ಲೈಮಿನಿಂದ ಒಂದು ರೂಪಾಯಿಯೂ ಬರಲಿಲ್ಲ; ಬೇಕಿಲ್ಲದ ಆಪರೇಷನ್ ಮಾಡಿಸಿಕೊಂಡಿದ್ದರೆ ಬಹುಪಾಲು ಬರುತ್ತಿತ್ತು. ಎಲ್ಲ ಮೂಲ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಿ, ಮೊಬೈಲಿನ ಚಿತ್ರಗಳನ್ನು ನಂಬಬೇಡಿ. ರಕ್ತ ಕೊಡುವಾಗ ಆದಷ್ಟೂ ಒಂದೇ ಲ್ಯಾಬಿಗೆ ಹೋಗಿ.

ಕಳೆದ ವಾರ ಹಾರ್ಮೋನ್ ತಜ್ಞರಿಂದ ಒಂದೊಂದು ಪುಟದ ಪತ್ರಗಳನ್ನು ಬರೆಸಿ ಲ್ಯಾಮಿನೇಟ್ ಮಾಡಿಸಿದೆ. ಅವ್ವ, ಅಕ್ಕ, ನಾನು, ಮಗಳು, ನಾಲ್ವರಿಗೂ: ಇವರಿಗೆ ಎಫ್‌ಎಚ್‌ಎಚ್ ಇದೆ, ಕ್ಯಾಲ್ಸಿಯಂ ಇಷ್ಟಿರುವುದು ಇವರ ಸಹಜ ಮಟ್ಟ, ಇದಕ್ಕಾಗಿ ಕುತ್ತಿಗೆಯ ಆಪರೇಷನ್ ಬೇಡ. ಮಗಳ ಪತ್ರದಲ್ಲಿ ಮಾತ್ರ ಇನ್ನೊಂದು ಸಾಲಿದೆ. ತಾಯಿಯ ಹೆಚ್ಚಿನ ಕ್ಯಾಲ್ಸಿಯಂನಲ್ಲಿ ಬೆಳೆದ ಕೂಸಿಗೆ ಈ ಬದಲಾವಣೆ ಬಂದಿಲ್ಲದಿದ್ದರೆ ಅದರ ಗ್ರಂಥಿಗಳು ಬಸಿರಿನಲ್ಲಿ ಸುಮ್ಮನಾಗಿರುತ್ತವೆ, ಹುಟ್ಟಿದ ಮೇಲೆ ಕೆಲವು ದಿನ ಕ್ಯಾಲ್ಸಿಯಂ ತೀರಾ ಇಳಿಯಬಹುದು; ಆದ್ದರಿಂದ ಹೆರಿಗೆಯಾದ ಮೊದಲ ದಿನಗಳಲ್ಲಿ ಕೂಸಿನ ಕ್ಯಾಲ್ಸಿಯಂ ನೋಡಬೇಕು ಎಂದು ಬರೆದಿದೆ. ಹೆರಿಗೆ ಇಲ್ಲಿಯೋ ದುಬೈಯಲ್ಲಿಯೋ ಗೊತ್ತಿಲ್ಲವಾದ್ದರಿಂದ, ಅಂಕಿಗಳನ್ನು ಎರಡೂ ಲೆಕ್ಕದಲ್ಲಿ ಬರೆಸಿದ್ದೇನೆ.